ಗುಂಡಿ ಒತ್ತುವ ಕೋಣೆಯ ಅಕ್ಕ

ನಾನು ಕನ್ನಡಕ ಹಾಕತೊಡಗಿದ್ದು ಕಣ್ಣು ಕೆಟ್ಟಿದ್ದಕ್ಕಲ್ಲ, ಮುಖ ಸಾಲದಾಗಿದ್ದಕ್ಕೆ. ಕಣ್ಣಿನ ಆಸ್ಪತ್ರೆಯ ಮುಂಬಾಗಿಲ ಮೇಜಿನಲ್ಲಿ ಕೂತು ಬಂದವರಿಗೆ ಟೋಕನ್ ಕೊಡುವ ಕೆಲಸ ಸಿಕ್ಕಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ, ಟೋಕನ್ ಕೊಡುವುದೇ ಈ ಮುಖಕ್ಕೆ ಹೆಚ್ಚಾಯಿತು ಅನ್ನಿಸುವಂತಿತ್ತು. ಪಕ್ಕದ ಅಂಗಡಿಗೆ ಹೋಗಿ ದಪ್ಪ ಕಪ್ಪು ಫ್ರೇಮಿಗೆ ನಂಬರಿಲ್ಲದ ಬರೀ ಗಾಜು ಹಾಕಿಸಿಕೊಂಡು ಬಂದೆ. ಮರುದಿನವೇ ಒಬ್ಬ ಅಜ್ಜಿ ನನ್ನನ್ನು "ಡಾಕ್ಟ್ರೇ" ಎಂದು ಕರೆದರು. ನಾನು ತಿದ್ದಲಿಲ್ಲ. ವಯಸ್ಸಾದವರ ಮಾತಿಗೆ ಎದುರಾಡಬಾರದು ಎಂದು ಮನೆಯಲ್ಲಿ ಹೇಳಿಕೊಟ್ಟಿದ್ದರು.

ಅಲ್ಲಿಂದ ನಾಲಿಗೆಗೂ ಕೊಬ್ಬು ಬಂತು. ಡಾಕ್ಟರ ಕೋಣೆಯ ಬಾಗಿಲು ತೆರೆದಾಗಲೆಲ್ಲ ಹೊರಗೆ ಬೀಳುವ ಮಾತುಗಳನ್ನು ಹೆಕ್ಕಿಟ್ಟುಕೊಂಡು ಬೆಂಚಿನ ಮೇಲಿದ್ದವರಿಗೆ ಹಂಚತೊಡಗಿದೆ. "ನಿಮ್ದು ರೆಟಿನಾ ಸ್ವಲ್ಪ ಸೂಕ್ಷ್ಮ," ಎನ್ನುತ್ತಿದ್ದೆ. ರೆಟಿನಾ ಕಣ್ಣಿನ ಮುಂದಿದೆಯೋ ಹಿಂದಿದೆಯೋ ನನಗೆ ಗೊತ್ತಿರಲಿಲ್ಲ. ಕೇಳುವವರಿಗೂ ಗೊತ್ತಿಲ್ಲದ್ದರಿಂದ ವ್ಯವಹಾರ ಸುಸೂತ್ರವಾಗಿ ನಡೆದಿತ್ತು.

ನಾನು ಹೇಳಹೊರಟಿರುವುದು ಅಕ್ಕನ ವಿಷಯ. ಆದರೆ ನನ್ನ ಕನ್ನಡಕವನ್ನು ದಾಟದೆ ಅಕ್ಕನ ಹತ್ತಿರ ಹೋಗಲು ದಾರಿಯಿಲ್ಲ.

ಆಸ್ಪತ್ರೆಯ ಕಾರಿಡಾರ್ ಮುಗಿಯುವಲ್ಲಿ ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ. ಒಳಗೆ ಒಂದು ಯಂತ್ರ. ದೊಡ್ಡ ಬಿಳಿ ಬೋಗುಣಿಯನ್ನು ಮಗ್ಗುಲಾಗಿ ನಿಲ್ಲಿಸಿದ ಹಾಗೆ ಇರುತ್ತದೆ. ಬಂದವರ ಒಂದು ಕಣ್ಣು ಮುಚ್ಚಿ, ಗಲ್ಲವನ್ನು ಪಟ್ಟಿಯ ಮೇಲೆ ಇಡಿಸಿ, ಕೈಗೆ ಒಂದು ಗುಂಡಿ ಕೊಟ್ಟು, ದೀಪ ಆರಿಸುತ್ತಾರೆ. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಬೋಗುಣಿಯ ಒಳಗೆ ಮೇಲೆ, ಕೆಳಗೆ, ಪಕ್ಕದಲ್ಲಿ, ಎಲ್ಲೆಂದರಲ್ಲಿ ಸಣ್ಣ ಬೆಳಕು ಮಿನುಗಿ ಹೋಗುತ್ತದೆ. ಕಂಡರೆ ಗುಂಡಿ ಒತ್ತಬೇಕು, ಕಾಣದಿದ್ದರೆ ಒತ್ತಬಾರದು. ಕೊನೆಗೆ ಯಂತ್ರವೇ ಒಂದು ಚಿತ್ರ ಬರೆದುಕೊಡುತ್ತದೆ. ಕಾಣುವ ಜಾಗವೆಲ್ಲ ಬಿಳಿ, ಕಾಣದ ಜಾಗ ಕಪ್ಪು.

ಆ ಕೋಣೆ ಅಕ್ಕನದು. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಅಕ್ಕನೇ. ವಯಸ್ಸು ನಲವತ್ತು ದಾಟಿರಬೇಕು. ಒಳಗೆ ಎಸಿ ಕೊರೆಯುತ್ತದೆಂದು ಸೀರೆಯ ಮೇಲೆ ಯಾವಾಗಲೂ ಗಂಡನ ಹಳೆಯ ಸ್ವೆಟರ್, ತೋಳನ್ನು ಎರಡು ಮಡಿಕೆ ಮೇಲೇರಿಸಿ. ಕತ್ತಲಲ್ಲಿ ಅವರ ದನಿ ಮಗು ಮಲಗಿಸುವವರ ದನಿಯ ಹಾಗಿರುತ್ತಿತ್ತು. "ಕಂಡ್ರೆ ಒತ್ತಿ. ಕಾಣದೇ ಇದ್ರೆ ಸುಮ್ನಿರಿ. ಸುಮ್ನಿರೋದೂ ಉತ್ತರಾನೇ."

ಇಷ್ಟು ಸುಲಭದ ಮಾತು ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ. ಪರೀಕ್ಷೆ ಎಂಬ ಮಾತು ಕೇಳಿದ ತಕ್ಷಣ ಜನರ ಬೆನ್ನು ನೆಟ್ಟಗಾಗುತ್ತದೆ. ಯಾವಾಗಲೋ ಶಾಲೆ ಬಿಟ್ಟವರೂ ನೂರಕ್ಕೆ ನೂರು ತೆಗೆಯಲು ಕೂರುತ್ತಾರೆ. ಹೊರಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ, "ಎಷ್ಟು ಬಂತಮ್ಮಾ? ನನಗಿಂತ ಮುಂಚೆ ಹೋದವ್ರಿಗೆ ಎಷ್ಟು?"

ಅಕ್ಕನಿಗೆ ಮಾತ್ರ ಆ ಕಾಯಿಲೆಯೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಆ ಹೆಂಗಸಿಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಒಮ್ಮೆ ಕಂಪನಿಯವನು ಬಂದು ಯಂತ್ರಕ್ಕೆ ಏನೋ ಹೊಸದನ್ನು ಸೇರಿಸಿ, ಅರ್ಧ ಗಂಟೆ ವಿವರಿಸಿದ. ನಾವೆಲ್ಲ ತಲೆಯಾಡಿಸಿದೆವು. ಕನ್ನಡಕವಿದ್ದ ನಾನು ಎಲ್ಲರಿಗಿಂತ ಜೋರಾಗಿ ಆಡಿಸಿದೆ. ಅಕ್ಕ ಕೈಯೆತ್ತಿ, "ನನಗೆ ಒಂದೂ ತಿಳೀಲಿಲ್ಲಪ್ಪ. ಮೊದಲಿಂದ ಹೇಳು, ನಿಧಾನಕ್ಕೆ," ಎಂದರು. ಅವನು ಮೊದಲಿನಿಂದ ಹೇಳಿದ. ಆಗ ಡಾಕ್ಟರು ಮೆಲ್ಲನೆ ಜೇಬಿನಿಂದ ಪೆನ್ನು ತೆಗೆದು ಬರೆದುಕೊಳ್ಳತೊಡಗಿದ್ದನ್ನು ನಾನೇ ಕಂಡೆ.

ಊಟದ ಹೊತ್ತಿನಲ್ಲಿ ಒಮ್ಮೆ ಕೇಳಿದೆ. "ಅಲ್ಲಕ್ಕ, ಎಲ್ಲರ ಮುಂದೆ ಹಾಗೆ ತಿಳೀಲಿಲ್ಲ ಅಂದ್ರೆ ಮರ್ಯಾದೆ ಏನಾಗಬೇಕು?"

"ನಮ್ಮನೇಲಿ ಆ ಖಾತೆ ನಮ್ಮ ಯಜಮಾನ್ರದ್ದು ಕಣೋ," ಎಂದು ಡಬ್ಬಿಯ ಮುಚ್ಚಳ ತೆಗೆದರು. "ಎಲ್ಲಾ ತಿಳಿದಿರೋ ಕೆಲಸ ಅವರು ನೋಡ್ಕೋತಾರೆ. ನನಗೆ ಬಿಡುವು."

ಅಕ್ಕನ ಗಂಡ ದಾರಿ ಕೇಳುವವರಲ್ಲ. ಮದುವೆಯಾದ ಹೊಸತರಲ್ಲಿ ನೆಂಟರ ಮನೆಯ ಊಟಕ್ಕೆಂದು ಸ್ಕೂಟರಿನಲ್ಲಿ ಹೊರಟು, ಒಂದೇ ಪೆಟ್ರೋಲ್ ಬಂಕಿನ ಮುಂದೆ ಮತ್ತೆ ಮತ್ತೆ ಹಾದುಹೋದರು. ಕೊನೆಗೆ ಬಂಕಿನವನೇ ಕೈಯೆತ್ತಿ ನಮಸ್ಕಾರ ಮಾಡಲು ಶುರು ಮಾಡಿದನಂತೆ. ಊಟ ಮುಗಿದು ನೆಂಟರು ಪಾತ್ರೆ ತೊಳೆಯುವಾಗ ಇವರು ತಲುಪಿದ್ದು.

"ಈಗ್ಲೂ ಕೇಳಲ್ವಾ?"

"ಕೇಳಲ್ಲ. ನಾನು ಏನ್ ಮಾಡ್ತೀನಿ ಗೊತ್ತಾ? ಅಂಗಡಿ ಹತ್ರ ನಿಲ್ಸಿ, 'ರೀ, ಈ ಅಂಗಡಿಯವನನ್ನ ನೋಡಿದ್ರೆ ಈ ಕಡೆ ದಾರಿ ಗೊತ್ತಿರೋ ಹಾಗೆ ಕಾಣಲ್ಲ, ಸ್ವಲ್ಪ ಪರೀಕ್ಷೆ ಮಾಡಿ ನೋಡಿ' ಅಂತೀನಿ. ಇಳಿದು ಹೋಗಿ ಅವನನ್ನ ಪರೀಕ್ಷೆ ಮಾಡ್ತಾರೆ. 'ಪರವಾಗಿಲ್ಲ ಕಣೇ, ಅವನಿಗೂ ಗೊತ್ತು' ಅಂತ ಬಂದು ಸರಿಯಾದ ಕಡೆ ಗಾಡಿ ತಿರುಗಿಸ್ತಾರೆ."

ನಾನು ನಕ್ಕುಬಿಟ್ಟೆ. ಈ ಮಾತು ಮುಂದೆ ನನ್ನ ಮಾವನ ಕಣ್ಣು ಉಳಿಸುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ನಾನಿರುವುದು ಅವರ ಮನೆಯಲ್ಲೇ. ದರ್ಜಿ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆಗೆ ಕತ್ತರಿ ಹಾಕುವುದು ಅವರು, ಹೊಲಿಯುವುದು ಉಳಿದವರು. ಕೊರಳಲ್ಲಿ ಸದಾ ಟೇಪು. ಬೀದಿಯಲ್ಲಿ ಅವರ ಹೆಸರು 'ಗೊತ್ತು ಮಾಸ್ಟ್ರು'. ನೀವು ಏನೇ ಹೇಳಲು ಬಾಯಿ ತೆರೆಯಿರಿ, "ಗೊತ್ತು ಗೊತ್ತು" ಎಂದು ಅರ್ಧಕ್ಕೇ ಕೈ ಅಡ್ಡ ಹಿಡಿಯುತ್ತಾರೆ. ಯಾರದೋ ಮನೆಯಲ್ಲಿ ಮಗು ಹುಟ್ಟಿದೆ ಎಂದರೂ ಗೊತ್ತು, ಗಂಡೋ ಹೆಣ್ಣೋ ಎಂದು ಆಮೇಲೆ ಅವರೇ ಕೇಳಿದರೆ, ಅದು ನಿಮಗೆ ಗೊತ್ತಿದೆಯೇ ಎಂದು ನೋಡಲು ಕೇಳಿದ್ದು. ನನ್ನ ಬರೀ ಗಾಜಿನ ಕನ್ನಡಕ ಯಾವ ಕಡೆಯಿಂದ ಬಂದ ಆಸ್ತಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಮಾವ ಈಚೆಗೆ ಲೋಟ ಉರುಳಿಸತೊಡಗಿದ್ದರು. ಬಲಗಡೆ ಇಟ್ಟದ್ದೆಲ್ಲ ನೆಲಕ್ಕೆ. "ಲೋಟ ಇಡೋ ಜಾಗಾನೇನೇ ಅದು?" ಎಂದು ಅತ್ತೆಯ ಮೇಲೆ ರೇಗುವುದು. ಬಾಗಿಲ ಚೌಕಟ್ಟಿಗೆ ಭುಜ ಹೊಡೆದರೆ, ಬಾಗಿಲು ಕೂರಿಸಿದ ಬಡಗಿ ದಡ್ಡ. ಒಮ್ಮೆ ಮಡಿಸಿದ ಕೋಟಿನ ಬಟ್ಟೆಯ ಬಲ ಅಂಚು ಕತ್ತರಿಗೆ ಸಿಕ್ಕಿ ಒಂದು ಕಡೆ ಗಿಡ್ಡವಾಯಿತು. "ಇದು ಹೊಸ ಫ್ಯಾಷನ್, ನಿಮಗೆ ತಿಳಿಯಲ್ಲ," ಎಂದರಂತೆ. ಕೋಟಿನವನು ತಿಳಿಯಲು ಒಪ್ಪಲಿಲ್ಲ.

ಅತ್ತೆ ಒಂದು ದಿನ ಅಡುಗೆಮನೆಯಲ್ಲಿ ನನ್ನ ತೋಳು ಹಿಡಿದರು. "ನಾನು ಬಲಗಡೆ ನಿಂತಿದ್ರೆ ಅವರಿಗೆ ನಾನಿರೋದೇ ಗೊತ್ತಾಗಲ್ಲ ಕಣೋ. ಮೊದಲು ಬೇಕಂತ ಮಾಡ್ತಾರೆ ಅಂದ್ಕೊಂಡೆ. ಈಗ ಹೆದರಿಕೆ ಆಗ್ತಿದೆ. ಹೇಗಾದ್ರೂ ನಿಮ್ಮ ಡಾಕ್ಟ್ರ ಹತ್ರ ಕರ್ಕೊಂಡು ಹೋಗು."

ಅಳಿಯ ಕೆಲಸ ಮಾಡುವ ಜಾಗ ನೋಡಬೇಡವೇ ಎಂದು ಹೇಳಿ ಕರೆತಂದೆ. ಡಾಕ್ಟರು ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು, ಕಣ್ಣಿನ ಒತ್ತಡ ಅಳೆದರು, ಮುಖ ಗಂಟಿಕ್ಕಿದರು. "ಅಕ್ಕನ ಕೋಣೆಗೆ ಕಳಿಸು," ಎಂದರು ನನಗೆ.

ಮಾವ ಬೋಗುಣಿಯ ಮುಂದೆ ಕೂತು, ಅಕ್ಕ ಬಾಯಿ ತೆರೆಯುವ ಮೊದಲೇ "ಗೊತ್ತಮ್ಮಾ, ಗೊತ್ತು" ಎಂದರು. ದೀಪ ಆರಿತು. ಒಳಗಿನಿಂದ ಟಕಟಕಟಕ ಎಂದು ಗುಂಡಿಯ ಸದ್ದು. ಹೊಲಿಗೆ ಮಿಷಿನ್ ಇಲ್ಲಿಗೇಕೆ ಬಂತು ಅನ್ನಿಸುವ ಹಾಗೆ.

ಚಿತ್ರ ಬೆಳ್ಳಗೆ ಬಂತು. ಡಾಕ್ಟರು ಅದನ್ನು ಹಿಡಿದು ನನ್ನನ್ನು ಒಳಗೆ ಕರೆದರು, ಅಕ್ಕನೂ ಇದ್ದರು.

"ಈ ಕಾಗದದ ಪ್ರಕಾರ ನಿಮ್ಮ ಮಾವನಿಗೆ ಗೋಡೆಯಾಚೆಗೂ ಕಾಣತ್ತೆ," ಎಂದರು ಡಾಕ್ಟರು. "ಎಲ್ಲರ ಕಣ್ಣಲ್ಲೂ ಹುಟ್ಟಿನಿಂದಲೇ ಒಂದು ಕುರುಡು ಚುಕ್ಕೆ ಇರತ್ತೆ. ಅಲ್ಲಿ ಬಿದ್ದ ಬೆಳಕು ಯಾವ ಮನುಷ್ಯನಿಗೂ ಕಾಣಲ್ಲ. ಯಂತ್ರ ಬೇಕಂತಲೇ ಅಲ್ಲೂ ದೀಪ ಹಾಕಿ ನೋಡತ್ತೆ. ನಿಮ್ಮ ಮಾವ ಅಲ್ಲೂ ಒತ್ತಿದ್ದಾರೆ. ದೀಪ ಹಾಕದೇ ಇದ್ದಾಗಲೂ ಒತ್ತಿದ್ದಾರೆ."

ನಗು ಬಂದರೂ ಡಾಕ್ಟರ ಮುಖ ನೋಡಿ ನುಂಗಿಕೊಂಡೆ. ಕಣ್ಣಿನ ಒತ್ತಡದಿಂದ ನರ ಸವೆದಿದೆ ಎಂದರು. ಹೋಗಿರುವ ನೋಟ ಮರಳುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ದಿನವೂ ತಪ್ಪದೆ ಕಣ್ಣಿಗೆ ಔಷಧಿಯ ಹನಿ ಹಾಕಿಕೊಂಡರೆ. ಹಾಕದಿದ್ದರೆ ಸದ್ದಿಲ್ಲದೆ ಅದೂ ಹೋಗುತ್ತದೆ, ನೋವೂ ಇರುವುದಿಲ್ಲ.

ಡಾಕ್ಟರು ಮಾವನಿಗೂ ಹೇಳಿದರು. ಮಾವ ಬಿಳಿ ಕಾಗದವನ್ನು ಎತ್ತಿ ತೋರಿಸಿದರು. "ನಿಮ್ಮ ಮಷಿನ್ನೇ ಹೇಳ್ತಿದೆಯಲ್ಲ ಸಾರ್! ಫಸ್ಟ್ ಕ್ಲಾಸಲ್ಲಿ ಪಾಸಾದವನಿಗೆ ಟ್ಯೂಷನ್ ಯಾಕೆ?" ಔಷಧಿಯ ಚೀಟಿಯನ್ನು ಮಡಿಸಿ, ಮನೆಗೆ ಹೋಗಿ, ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟರು. ಬಿಳಿ ಚಿತ್ರವನ್ನು ಅಂಗಡಿಯ ಗೋಡೆಗೆ ಅಂಟಿಸಿದರು.

ನಾನು ಹೇಳಿದೆ, ಅತ್ತೆ ಅತ್ತರು. ಮಾವ "ಗೊತ್ತು ಗೊತ್ತು" ಎಂದರು. ಆ ಸಂಜೆ ಮತ್ತೊಂದು ಲೋಟ ಬಿತ್ತು.

ಮರುದಿನ ಅಕ್ಕನ ಹತ್ತಿರ ಹೋಗಿ ಕೂತೆ. "ಕತ್ತರಿ ಹಿಡಿಯೋ ಕೈ ಅಕ್ಕ. ಕಣ್ಣು ಹೋದ್ರೆ ಅವರು ಏನ್ ಮಾಡ್ತಾರೆ? ಇನ್ನೊಂದ್ಸಲ ಟೆಸ್ಟಿಗೆ ಬನ್ನಿ ಅಂದ್ರೆ, ಪಾಸಾದವನು ಮತ್ತೆ ಯಾಕೆ ಬರೀಬೇಕು ಅಂತಾರೆ."

ಅಕ್ಕ ಸ್ವೆಟರಿನ ತೋಳನ್ನು ಮೇಲೇರಿಸಿದರು. ಆಮೇಲೆ, "ನಮ್ಮ ಯಜಮಾನ್ರನ್ನ ಸ್ಕೂಟರಿಂದ ಇಳಿಸ್ದಂಗೆ ಇಳಿಸ್ಬೇಕು," ಎಂದರು. "ಹೋಗಿ ಹೀಗೆ ಹೇಳು. ಆ ಮಷಿನ್ ಸರಿ ಇದ್ಯಾ ಅಂತ ಪರೀಕ್ಷೆ ಮಾಡ್ಬೇಕಂತೆ. ಗಮನ ಇಟ್ಟು ನೋಡೋರು ಬೇಕಂತೆ. ನಿಮ್ಮನ್ನ ಕೇಳ್ಕೊಂಡು ಬಾ ಅಂದ್ರು ಅಂತ."

ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಕೊರಳ ಟೇಪು ಹಾಗೇ ಇತ್ತು, ಯಂತ್ರದ ಅಳತೆ ತೆಗೆಯಲು ಬಂದವರಂತೆ.

"ಏನಮ್ಮಾ, ಹಾಳಾಗಿದ್ಯಾ? ನನಗೆ ಅವತ್ತೇ ಗೊತ್ತಾಯ್ತು."

"ಅದನ್ನ ನೀವೇ ಹೇಳ್ಬೇಕು ಮಾಸ್ಟ್ರೇ. ಈ ಸಲ ನಿಮಗಲ್ಲ ಪರೀಕ್ಷೆ, ಈ ಮಷಿನ್‌ಗೆ. ಅದಕ್ಕೆ ಒಂದು ಮಾರ್ಕೂ ಸುಮ್ನೆ ಕೊಡ್ಬೇಡಿ. ದೀಪ ಸರಿಯಾಗಿ ಕಂಡ್ರೆ ಮಾತ್ರ ಒತ್ತಿ. ಹಾಕ್ದೇ ಕಳ್ಳಾಟ ಆಡಿದ್ರೆ ಒತ್ಲೇಬೇಡಿ."

"ನನ್ನ ಹತ್ರ ಕಳ್ಳಾಟವಾ!" ಎಂದು ಮಾವ ಗಲ್ಲ ಇಟ್ಟರು.

ನಾನು ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೆ. ಟಕ್. ಬಹಳ ಹೊತ್ತು ಏನೂ ಇಲ್ಲ. ಟಕ್. ಮತ್ತೆ ಮೌನ. ಒಳಗೆ ಬೆಳಕು ಮಿನುಗುತ್ತಲೇ ಇದೆ, ಮಾವ ಒತ್ತುತ್ತಿಲ್ಲ ಎಂಬುದು ನನಗೆ ತಿಳಿಯುತ್ತಿತ್ತು.

ಎರಡೂ ಕಣ್ಣಿನ ಪರೀಕ್ಷೆ ಮುಗಿದ ಮೇಲೆ ದೀಪ ಹಾಕಿದರು. ಬಲಗಣ್ಣಿನ ಚಿತ್ರದಲ್ಲಿ ಸುತ್ತಲೂ ಕಪ್ಪು, ನಡುವೆ ಒಂದು ಕಿಂಡಿಯಷ್ಟು ಬಿಳಿ. ಎಡಗಣ್ಣಿನಲ್ಲಿ ಮೇಲುಗಡೆ ಹುಬ್ಬಿನ ಹಾಗೆ ಒಂದು ಕಪ್ಪು ಗೀರು, ಆಗಷ್ಟೇ ಹುಟ್ಟಿದ್ದು.

ಮಾವ ಗೆದ್ದವರ ಹಾಗೆ ನಕ್ಕರು. "ನೋಡಿದ್ರಾ? ಮುಕ್ಕಾಲು ಮಷಿನ್ ಕೆಟ್ಟು ಕೂತಿದೆ. ಬಿಸಾಡಿ ಇದನ್ನ."

ಅಕ್ಕ ಎದುರಾಡಲಿಲ್ಲ. "ಇರಬಹುದು ಮಾಸ್ಟ್ರೇ. ಒಬ್ಬರ ಮಾತಿಗೇ ತೀರ್ಮಾನ ಬೇಡ, ಇನ್ನೊಬ್ಬರನ್ನೂ ಕೂರಿಸೋಣ. ಬಾರೋ," ಎಂದು ನನ್ನನ್ನು ಕರೆದರು. ನಾನು ಕೂತೆ. "ಕನ್ನಡಕ ತೆಗಿ. ಫ್ರೇಮ್ ಅಡ್ಡ ಬರತ್ತೆ. ನಿನ್ನ ನಂಬರ್ ಎಷ್ಟು ಹೇಳು, ಅದೇ ಲೆನ್ಸ್ ಇಲ್ಲಿ ಹಾಕ್ತೀನಿ."

ಕೈಯಲ್ಲಿದ್ದ ಕನ್ನಡಕ ಸೀಸದಷ್ಟು ಭಾರವಾಯಿತು. ಪಕ್ಕದಲ್ಲೇ ಮಾವ. ನನ್ನ ಕನ್ನಡಕ ನೋಡಿ "ನಮ್ಮ ಅಳಿಯ ಓದಿ ಓದಿ ಕಣ್ಣು ಸವೆಸಿದಾನೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವರು. ಬಾಯಿಗೆ ಬಂದ ಯಾವುದೋ ನಂಬರ್ ಹೇಳಿಬಿಡಬಹುದಿತ್ತು, ತುದಿನಾಲಿಗೆಯ ಮೇಲೇ ಇತ್ತು. ಆದರೆ ಹಾಗೆ ಹೇಳಿದರೆ ಆ ಲೆನ್ಸಿನಲ್ಲಿ ನನಗೆ ಎಲ್ಲ ಮಬ್ಬಾಗುತ್ತದೆ, ಬೆಳಕು ತಪ್ಪುತ್ತದೆ, ನನ್ನ ಚಿತ್ರವೂ ಕಪ್ಪಾಗುತ್ತದೆ. ಮಾವ ಯಂತ್ರ ಕೆಟ್ಟಿದೆ ಎಂದು ಖುಷಿಯಾಗಿ ಮನೆಗೆ ಹೋಗುತ್ತಾರೆ. ಹುಬ್ಬಿನಷ್ಟಿದ್ದ ಆ ಗೀರು ಸದ್ದಿಲ್ಲದೆ ಬೆಳೆಯುತ್ತದೆ.

"ಸೊನ್ನೆ ಅಕ್ಕ," ಎಂದೆ.

"ಏನಂದೆ?" ಎಂದರು ಮಾವ.

"ಸೊನ್ನೆ. ಬರೀ ಗಾಜು. ನನ್ನ ಕಣ್ಣಿಗೆ ಏನೂ ಆಗಿಲ್ಲ."

"ಮತ್ತೆ ಯಾಕೋ ಹಾಕ್ಕೊಂಡು ತಿರುಗ್ತಿದ್ದೆ?"

"ತಿಳಿದವನ ಥರ ಕಾಣಲಿ ಅಂತ."

ಮಾವ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅಯ್ಯೋ ನಿನ್ನ! ಕಿಟಕಿ ಗಾಜು ಮೂಗಿನ ಮೇಲಿಟ್ಕೊಂಡು... ನಿಮ್ಮ ಅತ್ತೆಗೆ ಹೇಳ್ಬೇಕು ಇದನ್ನ!" ಅಕ್ಕ ನಗಲಿಲ್ಲ, ದೀಪ ಆರಿಸಿದರು. ಕತ್ತಲಲ್ಲಿ ಮಾವನ ನಗು ಬಿಕ್ಕಳಿಕೆಯ ಹಾಗೆ ಉಳಿದು, ನಿಧಾನವಾಗಿ ಇಳಿಯಿತು. ನಾನು ಕಂಡದ್ದಕ್ಕೆ ಒತ್ತಿದೆ, ಕಾಣದ್ದಕ್ಕೆ ಸುಮ್ಮನಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಪ್ರಾಮಾಣಿಕವಾಗಿ ಯಾವ ಪರೀಕ್ಷೆಯನ್ನೂ ಬರೆದಿಲ್ಲ.

ನನ್ನ ಚಿತ್ರ ಬಂತು. ಬೆಳ್ಳಗಿತ್ತು. ಒಂದು ಪಕ್ಕದಲ್ಲಿ ಒಂದೇ ಒಂದು ಕಪ್ಪು ಚುಕ್ಕೆ.

ಮಾವ ಎರಡು ಕಾಗದಗಳನ್ನೂ ಕೈಯಲ್ಲಿ ಹಿಡಿದರು. ನಗು ಪೂರ್ತಿ ನಿಂತಿತ್ತು. ಬೆರಳು ನನ್ನ ಚುಕ್ಕೆಯ ಮೇಲೆ ಹೋಯಿತು. "ಇಲ್ನೋಡಿ. ಇವನಿಗೂ ಒಂದು ಕಡೆ ದೀಪ ಹಾಕಿಲ್ಲ."

"ಅದು ಎಲ್ಲರಿಗೂ ಇರೋ ಚುಕ್ಕೆ ಮಾಸ್ಟ್ರೇ. ನನಗೂ ಇದೆ, ಡಾಕ್ಟ್ರಿಗೂ ಇದೆ. ಅಷ್ಟು ಜಾಗದಲ್ಲಿ ನಾವೆಲ್ಲ ಕುರುಡರೇ. ನಿಮ್ಮ ಕಣ್ಣಲ್ಲಿ ಅದರ ಜೊತೆಗೆ ಇನ್ನೂ ಸ್ವಲ್ಪ ಇದೆ."

ಮಾವ ಕೊರಳ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಮತ್ತೆ ಈ ಬಲಗಡೆ... ಸುಮ್ನೆ ಕೂತಿದ್ದೆನಲ್ಲ, ಆವಾಗೆಲ್ಲ... ಅದು ದೀಪ ಹಾಕ್ತಿತ್ತಾ?"

"ಹಾಕ್ತಿತ್ತು ಮಾಸ್ಟ್ರೇ. ಮಷಿನ್ ಸರಿಯಾಗಿದೆ. ನಿಮ್ಮನ್ನ ಇಲ್ಲಿ ಕೂರಿಸೋಕೆ ಹಾಗೆ ಹೇಳ್ದೆ. ಬೈಯ್ಯೋದಿದ್ರೆ ನನ್ನ ಬೈಯಿರಿ."

ಅವರು ಬೈಯಲಿಲ್ಲ. ಕಾಗದವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ನಾನು ಹುಟ್ಟಿದಾಗಿನಿಂದ ಅವರ ಬಾಯಲ್ಲಿ ಕೇಳದ ಮಾತು ಹೊರಬಂತು.

"ನನಗೆ ಗೊತ್ತಾಗ್ಲೇ ಇಲ್ಲಮ್ಮ."

"ಯಾರಿಗೂ ಗೊತ್ತಾಗಲ್ಲ," ಎಂದರು ಅಕ್ಕ. "ಅದಕ್ಕೇ ಈ ಕೋಣೆ ಇರೋದು." ಅವರ ಪಕ್ಕದ ಸ್ಟೂಲಿನ ಮೇಲೆ ಕೂತು, ಎಡಗಣ್ಣಿನ ಚಿತ್ರ ಎತ್ತಿ ತೋರಿಸಿದರು. "ಇಷ್ಟೊಂದು ಬಿಳಿ ಉಳಿದಿದೆ ನೋಡಿ. ಇದನ್ನ ಬಿಟ್ಕೊಡೋದು ಬೇಡ. ಕಣ್ಣಿಗೆ ಔಷಧಿ ಹೇಗೆ ಹಾಕೋದು ಹೇಳ್ಕೊಡ್ಲಾ?"

ಮಾವ ಬಾಯಿ ತೆರೆದರು. 'ಗೊತ್ತು' ಎನ್ನಬಹುದಿತ್ತು.

"ಹೇಳ್ಕೊಡಮ್ಮ," ಎಂದರು ಮಾವ.

ಸಂಜೆ ಅಕ್ಕ ಬಸ್ಸಿಗೆ ಹೊರಡುವಾಗ ಗೇಟಿನ ತನಕ ಜೊತೆಗೆ ಹೋದೆ. "ನನ್ನ ಕನ್ನಡಕದ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?"

"ಮೊದಲ ದಿನಾನೇ. ನಂಬರ್ ಇರೋ ಗಾಜಿನ ಹಿಂದೆ ಕೆನ್ನೆಯ ಅಂಚು ಮುರಿದ ಹಾಗೆ ಕಾಣತ್ತೆ. ನಿನ್ನ ಕೆನ್ನೆ ನೆಟ್ಟಗಿತ್ತು."

"ಮತ್ತೆ ಯಾಕಕ್ಕ ಕೇಳಿದ್ರಿ, ಅವರ ಮುಂದೇನೇ?"

"ನಿಮ್ಮ ಮಾವನಿಗೆ ಜೊತೆ ಬೇಕಿತ್ತು ಕಣೋ. ಒಬ್ಬರೇ ಹೇಗೆ ಇಳಿತಾರೆ ಅಷ್ಟು ಮೇಲಿಂದ?"

"ನಾನು ಸುಳ್ಳು ನಂಬರ್ ಹೇಳಿದ್ರೆ?"

"ಸೊನ್ನೇನೇ ಹಾಕ್ತಿದ್ದೆ," ಎಂದು ಬಸ್ ಹತ್ತಿದರು. ಹತ್ತಿದ ಮೇಲೆ ಕಂಡಕ್ಟರನ್ನು ಕೇಳುವುದು ಕೇಳಿಸಿತು, ದಿನವೂ ಹೋಗುವ ಬಸ್ಸೇ ಆದರೂ, "ಇದು ಆ ಕಡೆಗೇ ಹೋಗತ್ತಲ್ವಾ?"

ಆಮೇಲಿನದು ಹೆಚ್ಚಿಲ್ಲ. ಮೇಜಿನ ಕಾಲಿನಡಿಯಿಂದ ಚೀಟಿ ಹೊರಬಂತು. ಔಷಧಿ ಹಾಕುವುದು ಅತ್ತೆ. "ಕಣ್ಣು ಬಿಡಿ, ಬಾಯಲ್ಲ," ಎಂದು ದಿನವೂ ಗದರುತ್ತಾರೆ. ಎಡಗಣ್ಣಿನ ಗೀರು ಅಷ್ಟಕ್ಕೇ ನಿಂತಿದೆ ಎಂದು ಈಚಿನ ಪರೀಕ್ಷೆಯಲ್ಲಿ ಡಾಕ್ಟರು ಹೇಳಿದರು. ಅಂಗಡಿಯ ಗೋಡೆಯಲ್ಲಿ ಬಿಳಿ ಚಿತ್ರದ ಜಾಗಕ್ಕೆ ನಿಜವಾದದ್ದು ಬಂದಿದೆ. ಮಾವ ಆಸ್ಪತ್ರೆಗೆ ಬಂದರೆ ಬೆಂಚಿನವರಿಗೆಲ್ಲ ಕಣ್ಣಿನ ಒತ್ತಡದ ಬಗ್ಗೆ ಉಪನ್ಯಾಸ ಕೊಡುತ್ತಾರೆ, ಅರ್ಧ ತಪ್ಪು. ಆದರೆ ಒಂದು ಮಾತು ಸರಿಯಾಗಿ ಹೇಳುತ್ತಾರೆ. "ಒಳಗೆ ಹೋದ್ಮೇಲೆ ಜಾಣತನ ಮಾಡ್ಬೇಡ್ರಿ, ಕಾಣದೇ ಇದ್ರೆ ಒತ್ಬೇಡ್ರಿ."

ನನ್ನ ಕನ್ನಡಕ ಡ್ರಾಯರಿನಲ್ಲಿದೆ. ಈಗ ಯಾರಾದರೂ ಕೇಳಿದರೆ "ನನಗೆ ತಿಳಿಯಲ್ಲ, ಕೇಳ್ಕೊಂಡು ಬರ್ತೀನಿ" ಎನ್ನುತ್ತೇನೆ. 'ಡಾಕ್ಟ್ರೇ' ಎನ್ನುವವರು ಯಾರೂ ಇಲ್ಲ. ಅದಷ್ಟೇ ಸ್ವಲ್ಪ ಬೇಜಾರು.

ಕಳೆದ ವಾರ ಮಾವನ ಅಂಗಡಿಗೆ ಹೋಗಿದ್ದೆ. ಹಲಗೆಯ ಮೇಲೆ ದಪ್ಪನೆಯ ನೀಲಿ ಉಣ್ಣೆ ಬಟ್ಟೆ ಹರಡಿತ್ತು. ಅಕ್ಕನಿಗೆ ಕೋಟು. ಆ ಕೊರೆಯುವ ಕೋಣೆಯಲ್ಲಿ ಗಂಡನ ಸ್ವೆಟರ್ ಹಾಕಿ ಕೂರುವುದನ್ನು ನೋಡಿ ಬಂದಿದ್ದರು, ಅಳತೆಯನ್ನು ಕಣ್ಣಂದಾಜಿನಲ್ಲೇ ತೆಗೆದಿದ್ದರು. ಕತ್ತರಿ ಎತ್ತಿದವರು ನಿಂತು, ಗಿರಾಕಿಗಳೂ ದರ್ಜಿಗಳೂ ತುಂಬಿದ ಅಂಗಡಿಯಲ್ಲಿ ಜೋರಾಗಿ ಕರೆದರು.

"ಅಳಿಯಾ, ಇಲ್ಲಿ ಬಾ. ಬಲಗಡೆ ಅಂಚು ಸರಿಯಾಗಿ ಕೂತಿದ್ಯಾ ನೋಡಿ ಹೇಳು. ನನಗೆ ಆ ಕಡೆ ಕಾಣಲ್ಲ."

ನಾನು ಬಗ್ಗಿ ನೋಡಿ, ಒಂದು ಮಡಿಕೆ ಬಿಡಿಸಿ, "ಈಗ ಸರಿ ಇದೆ ಮಾವ," ಎಂದೆ. ಕತ್ತರಿ ಸರಸರನೆ ಹರಿಯಿತು.

ಮಾವ ಆಸ್ಪತ್ರೆಗೇ ತಂದುಕೊಟ್ಟ ಕೋಟು ಅಕ್ಕನಿಗೆ ಚೆನ್ನಾಗಿ ಒಪ್ಪಿತು. ತೋಳು ಮಾತ್ರ ಒಂದಿಷ್ಟು ಉದ್ದ.

"ಅದು ಹೊಸ ಫ್ಯಾಷನ್," ಎಂದರು ಮಾವ.

"ಹೌದಾ ಮಾಸ್ಟ್ರೇ? ನನಗೆ ಗೊತ್ತೇ ಇರ್ಲಿಲ್ಲ," ಎಂದು ಅಕ್ಕ ತೋಳನ್ನು ಎರಡು ಮಡಿಕೆ ಮೇಲೇರಿಸಿಕೊಂಡು, ಮುಂದಿನವರನ್ನು ಒಳಗೆ ಕರೆದರು.